ಉಂಡದ್ದು ಮೈಗೆ ಯಾಕೆ ಹತ್ತುವುದಿಲ್ಲ?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಅಜ್ಜಿಯರು ಮೊಮ್ಮಕ್ಕಳ ತೋಳು ಹಿಡಿದು ನೋಡಿ ಹೇಳುವ ಒಂದು ಮಾತಿದೆ: “ಉಂಡದ್ದು ಮೈಗೆ ಹತ್ತಾಕಿಲ್ಲ ಕಣವ್ವ ಈ ಕೂಸಿಗೆ.” ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟ, ರಾತ್ರಿ ರಾಗಿ ಮುದ್ದೆ, ಸೊಪ್ಪಿನ ಸಾರು. ತಟ್ಟೆ ಖಾಲಿಯಾಗುತ್ತದೆ. ಆದರೂ ಮಗು ಸೊರಗಿದೆ, ಓಡಿದರೆ ಏದುಸಿರು, ತರಗತಿಯಲ್ಲಿ ತೂಕಡಿಕೆ. ಹಾಗಾದರೆ ಉಂಡ ಅನ್ನ ಎಲ್ಲಿ ಹೋಯಿತು?

ಅಜ್ಜಿಯ ಮಾತಿನಲ್ಲಿ ಒಂದು ದೊಡ್ಡ ಸತ್ಯವಿದೆ. ಉಣ್ಣುವುದು ಬೇರೆ, ಮೈಗೆ ಹತ್ತುವುದು ಬೇರೆ. ಬಾಯಿಂದ ಒಳಗೆ ಹೋದದ್ದೆಲ್ಲ ರಕ್ತಕ್ಕೆ ಸೇರಿತು ಎಂದು ತಿಳಿಯಬೇಡಿ. ನಡುವೆ ಕರುಳು ಎಂಬ ಒಂದು ಹೆಬ್ಬಾಗಿಲಿದೆ. ಆ ಬಾಗಿಲಲ್ಲಿ ಕರೆಯದೆ ಬಂದ ನೆಂಟರು ಬಿಡಾರ ಹೂಡಿದರೆ ಉಂಡ ಅನ್ನದ ಸಾರ ಪೂರ್ತಿಯಾಗಿ ಒಳಗೆ ಸೇರುವುದಿಲ್ಲ. ಆ ನೆಂಟರೇ ಜಂತುಹುಳುಗಳು.

ಕರುಳೆಂಬ ಟವೆಲು

ಮಕ್ಕಳೇ, ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ನೆಲದ ಮೇಲೆ ಎರಡು ಕಡೆ ಅರ್ಧರ್ಧ ಲೋಟ ನೀರು ಚೆಲ್ಲಿ. ಒಂದು ಕಡೆ ಪ್ಲಾಸ್ಟಿಕ್ ಹಾಳೆಯಿಂದ ಒರೆಸಿ, ಇನ್ನೊಂದು ಕಡೆ ಸ್ನಾನದ ದಪ್ಪ ಟವೆಲಿನಿಂದ ಒರೆಸಿ. ಟವೆಲು ನೀರನ್ನೆಲ್ಲ ಕುಡಿದುಬಿಡುತ್ತದೆ, ಪ್ಲಾಸ್ಟಿಕ್ ಹಾಳೆ ನೀರನ್ನು ಅತ್ತಿತ್ತ ತಳ್ಳುತ್ತದೆ ಅಷ್ಟೆ. ಟವೆಲಿನ ಮೈಮೇಲೆ ಎದ್ದು ನಿಂತಿರುವ ಸಾವಿರಾರು ನೂಲಿನ ಕುಣಿಕೆಗಳೇ ಇದಕ್ಕೆ ಕಾರಣ.

ನಮ್ಮ ಸಣ್ಣ ಕರುಳಿನ ಒಳಮೈಯೂ ಟವೆಲಿನ ಹಾಗೆಯೇ ಇದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 6 ಮೀಟರ್. ಒಳಗೆಲ್ಲ ಬೆರಳಿನಾಕಾರದ ಪುಟ್ಟ ಪುಟ್ಟ ಚಾಚಿಕೆಗಳಿವೆ. ಒಂದೊಂದರ ಎತ್ತರ ಅರ್ಧದಿಂದ ಒಂದು ಮಿಲಿಮೀಟರ್. ಇವಕ್ಕೆ ವಿಲ್ಲೈ ಎಂದು ಹೆಸರು. ಒಂದೊಂದು ವಿಲ್ಲೈ ಮೇಲೂ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಇನ್ನೂ ಚಿಕ್ಕ ಕೂದಲಿನಂಥ ಚಾಚಿಕೆಗಳಿವೆ. ಕರುಳು ಬರೀ ನುಣುಪಾದ ಕೊಳವೆಯಾಗಿದ್ದರೆ ಅದರ ಒಳಮೈ ಅರ್ಧ ಚದರ ಮೀಟರ್ ಕೂಡ ಆಗುತ್ತಿರಲಿಲ್ಲ. ಮಡಿಕೆ, ವಿಲ್ಲೈ, ಅವುಗಳ ಮೇಲಿನ ಚಾಚಿಕೆ ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್, ಅಂದರೆ ಒಂದು ಸಣ್ಣ ತರಗತಿ ಕೋಣೆಯಷ್ಟು ಜಾಗ!

ಈ ಟವೆಲಿನಲ್ಲಿ ಕೆಲಸ ಹಂಚಿಕೆಯೂ ಇದೆ. ಕರುಳಿನ ಮೊದಲ ತುಂಡು ಕಬ್ಬಿಣವನ್ನು ಹೀರುತ್ತದೆ. ನಡುವಿನ ತುಂಡು ಸಕ್ಕರೆ, ಪ್ರೋಟೀನು, ಕೊಬ್ಬು, ಹೆಚ್ಚಿನ ವಿಟಮಿನ್‌ಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೊನೆಯ ತುಂಡಿನ ಪಾಲಿಗೆ ಬಿ12 ವಿಟಮಿನ್. ಯಾವ ಹುಳು ಎಲ್ಲಿ ಕೂತಿದೆ ಎಂಬುದರ ಮೇಲೆ ಮೈಗೆ ಯಾವುದು ಕಡಿಮೆಯಾಗುತ್ತದೆ ಎಂಬುದೂ ನಿಂತಿದೆ.

ಮೂವರು ಕಳ್ಳರು

ಮಣ್ಣಿನ ಮೂಲಕ ಹರಡುವ ಜಂತುಹುಳುಗಳಲ್ಲಿ ಮೂರು ಮುಖ್ಯವಾದವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಇವುಗಳ ಸೋಂಕಿದೆ.

ಮೊದಲನೆಯದು ದುಂಡುಹುಳು. ನೋಡಲು ಎರೆಹುಳುವಿನಂತೆ, ಬಣ್ಣ ಮಾತ್ರ ಬಿಳಿ. 20ರಿಂದ 30 ಸೆಂಟಿಮೀಟರ್, ಅಂದರೆ ನಿಮ್ಮ ಸ್ಕೇಲಿನಷ್ಟು ಉದ್ದ ಬೆಳೆಯಬಲ್ಲದು. ಒಂದು ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಮಲದ ಜೊತೆ ಹೊರಗೆ ಬಂದು, ತೇವದ ಮಣ್ಣಿನಲ್ಲಿ ಕೆಲವು ವಾರ ಮಾಗುತ್ತವೆ. ಆಮೇಲೆ ತೊಳೆಯದ ಸೊಪ್ಪು, ಸೌತೆಕಾಯಿ, ಮಣ್ಣಾದ ಕೈ, ಉಗುರಿನ ಸಂದಿ ಇವುಗಳ ಮೂಲಕ ಬಾಯಿಗೆ ಸೇರುತ್ತವೆ. ಹೊಟ್ಟೆಯಲ್ಲಿ ಮರಿಯಾಗಿ ಅಲ್ಲೇ ಕೂರುತ್ತದೆಯೇ? ಇಲ್ಲ. ಕರುಳಿನ ಗೋಡೆ ಕೊರೆದು, ರಕ್ತದಲ್ಲಿ ತೇಲಿ, ಯಕೃತ್ತು ದಾಟಿ, ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ಮತ್ತೆ ನುಂಗಿದಾಗ ಕರುಳಿಗೇ ಬರುತ್ತದೆ. ಊರೆಲ್ಲ ಸುತ್ತಿ ಅದೇ ಮನೆಗೆ ಬಂದು ತಂಗುವ ಪ್ರಯಾಣಿಕನ ಹಾಗೆ!

ಈ ಹುಳು ನಾವು ತಿಂದ ಅನ್ನದಲ್ಲಿ ತನ್ನ ಪಾಲು ತಿನ್ನುತ್ತದೆ, ನಿಜ. ಆದರೆ ಅದು ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಹುಳುಗಳು ಬಹಳವಾದಾಗ ವಿಲ್ಲೈಗಳು ಕುಗ್ಗಿ ಮೊಂಡಾಗುತ್ತವೆ. ಹಳೆಯ ಟವೆಲಿನ ನೂಲು ಉದುರಿ ಬೋಳಾದಂತೆ. ಕೊಬ್ಬು ಸರಿಯಾಗಿ ಹೀರಿಕೆಯಾಗುವುದಿಲ್ಲ. ಕೊಬ್ಬಿನ ಜೊತೆ ಒಳಗೆ ಹೋಗಬೇಕಾದ ಎ ವಿಟಮಿನ್ ಕೂಡ ಹೊರಗೇ ಉಳಿಯುತ್ತದೆ. ಕತ್ತಲಲ್ಲಿ ಕಣ್ಣು ಕಾಣಲು ಬೇಕಾದ ವಿಟಮಿನ್ ಅದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು 1970ರ ದಶಕದಲ್ಲೇ ಇದನ್ನು ಪರೀಕ್ಷಿಸಿ, ದುಂಡುಹುಳು ಇರುವ ಮಕ್ಕಳ ಕರುಳು ಎ ವಿಟಮಿನ್ನನ್ನು ಕಡಿಮೆ ಹೀರುತ್ತದೆ ಎಂದು ಕಂಡುಕೊಂಡರು. ಹಾಲಿನ ಸಕ್ಕರೆಯನ್ನು ಅರಗಿಸುವ ರಸವೂ ವಿಲ್ಲೈಗಳ ತುದಿಯಲ್ಲೇ ಇರುತ್ತದೆ. ತುದಿ ಸವೆದರೆ ಅದೂ ಕಡಿಮೆ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಕುಡಿದಾಗಲೆಲ್ಲ ಒಂದು ಮಗುವಿಗೆ ಹೊಟ್ಟೆ ಉಬ್ಬರಿಸಿದರೆ ಹಾಲನ್ನೇ ಬೈಯುವ ಮೊದಲು ಕರುಳಿನ ಕಡೆಗೂ ಒಮ್ಮೆ ಗಮನ ಕೊಡಬೇಕು.

ಎರಡನೆಯದು ಕೊಕ್ಕೆಹುಳು. ಬರೀ 1 ಸೆಂಟಿಮೀಟರ್ ಉದ್ದ, ನೂಲಿನಷ್ಟು ತೆಳ್ಳಗೆ. ಮೂವರಲ್ಲಿ ಇದೇ ದೊಡ್ಡ ಕಳ್ಳ. ಇದರ ಕಥೆ ಮುಂದೆ ಹೇಳುತ್ತೇನೆ.

ಮೂರನೆಯದು ಚಾಟಿಹುಳು. ಒಂದು ತುದಿ ಕೂದಲಿನಂತೆ ಸಣ್ಣ, ಇನ್ನೊಂದು ತುದಿ ದಪ್ಪ. ಇದರ ವಾಸ ದೊಡ್ಡ ಕರುಳಿನಲ್ಲಿ. ಸಂಖ್ಯೆ ಹೆಚ್ಚಾದರೆ ರಕ್ತ ಬೆರೆತ ಭೇದಿ, ಮಗುವಿನ ಬೆಳವಣಿಗೆ ಕುಂಠಿತ.

ಇವರ ಜೊತೆಗೆ ಹುಳುವಲ್ಲದ ಇನ್ನೊಬ್ಬ ಕಳ್ಳನೂ ಇದ್ದಾನೆ: ಜಿಯಾರ್ಡಿಯಾ ಎಂಬ ಏಕಕೋಶ ಜೀವಿ. ಕಣ್ಣಿಗೆ ಕಾಣುವುದೇ ಇಲ್ಲ. ಕೊಳಕು ನೀರಿನ ಮೂಲಕ ಒಳಗೆ ಬಂದು ಸಣ್ಣ ಕರುಳಿನ ಒಳಮೈಗೆ ಕಚ್ಚಿಕೊಳ್ಳುತ್ತದೆ. ಆಗ ಮಲ ಎಣ್ಣೆಎಣ್ಣೆಯಾಗಿ, ಕೆಟ್ಟ ನಾತದಿಂದ, ನೀರಿನ ಮೇಲೆ ತೇಲುವಂತೆ ಹೋಗುತ್ತದೆ. ಹೀರಬೇಕಾದ ಕೊಬ್ಬು ಹೀರದೆ ಹೊರಗೆ ಹೋಯಿತು ಎಂದು ಅರ್ಥ. ಇದಕ್ಕೆ ಶಾಲೆಯಲ್ಲಿ ಕೊಡುವ ಒಂದು ಜಂತುಹುಳು ಮಾತ್ರೆ ಸಾಲದು, ವೈದ್ಯರೇ ಬೇರೆ ಔಷಧಿ ಕೊಡಬೇಕು.

ಬರಿಗಾಲಿನಿಂದ ಬಂದ ಕಳ್ಳ

ಕೊಕ್ಕೆಹುಳುವನ್ನು 1838ರಲ್ಲಿ ಇಟಲಿಯ ಮಿಲಾನಿನಲ್ಲಿ ಆಂಜೆಲೊ ದುಬಿನಿ ಎಂಬ ವೈದ್ಯ ಮೊದಲು ಕಂಡ. ಆದರೆ ಅದು ದೇಹದೊಳಗೆ ಹೇಗೆ ಬರುತ್ತದೆ ಎಂಬುದು ಬಹಳ ಕಾಲ ಗುಟ್ಟಾಗಿತ್ತು. ಬಾಯಿಂದಲೇ ಬರಬೇಕು ಎಂದು ಎಲ್ಲರೂ ಭಾವಿಸಿದ್ದರು. ಆ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ ಹುಳುಮರಿಗಳಿದ್ದ ನೀರನ್ನು ಪರೀಕ್ಷಿಸುತ್ತಿದ್ದಾಗ ಒಂದೆರಡು ಹನಿ ಅವನ ಕೈಮೇಲೆ ಬಿದ್ದವು. ಅಲ್ಲಿ ಉರಿ, ತುರಿಕೆ, ಕೆಂಪು. ಕೆಲವು ವಾರಗಳ ನಂತರ ತನ್ನ ಮಲವನ್ನೇ ಪರೀಕ್ಷಿಸಿದಾಗ ಅದರಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು! ಮರಿಗಳು ಚರ್ಮವನ್ನೇ ತೂರಿ ಒಳಗೆ ಹೋಗಿದ್ದವು.

ನಮ್ಮ ಸೀಮೆಗೆ ಈ ಕಥೆ ಬಹಳ ಹತ್ತಿರದ್ದು. ಕೊಕ್ಕೆಹುಳುವಿನ ಮೊಟ್ಟೆ ಮಣ್ಣಿಗೆ ಬಿದ್ದ ಒಂದೆರಡು ದಿನಗಳಲ್ಲೇ ಮರಿಯಾಗುತ್ತದೆ. ಸುಮಾರು ಒಂದು ವಾರದಲ್ಲಿ ಚರ್ಮ ತೂರುವ ಶಕ್ತಿ ಪಡೆಯುತ್ತದೆ. ಅದಕ್ಕೆ ಬೇಕಾದದ್ದು ಬೆಚ್ಚನೆಯ ತೇವ ಮಣ್ಣು ಮತ್ತು ನೆರಳು. ಉರಿಬಿಸಿಲಿನಲ್ಲಿ ಕಾದ ದಾರಿಯ ದೂಳಿನಲ್ಲಿ ಅದು ಬದುಕುವುದಿಲ್ಲ. ಆದರೆ ನೀರು ಹಾಯಿಸಿದ ಹಿಪ್ಪುನೇರಳೆ ತೋಟ, ಬಾಳೆತೋಟದ ಬುಡ, ಅರಿಶಿನದ ಸಾಲು, ಕಾಲುವೆಯ ಪಕ್ಕದ ನೆರಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಕಾವೇರಿ ಬದಿಯ ಕೊಳ್ಳೇಗಾಲದಲ್ಲೂ ಸುವರ್ಣಾವತಿಯ ನೀರುಣ್ಣುವ ಯಳಂದೂರಿನಲ್ಲೂ ಇಂಥ ತೋಟಗಳಿವೆ. ಹನೂರಿನ ಒಣ ಹೊಲಗಳಲ್ಲಿ ಬೇಸಿಗೆಯಲ್ಲಿ ಮರಿಗಳಿಗೆ ಕಷ್ಟ, ಆದರೆ ಮಳೆ ಬಿದ್ದು ನೆಲ ತಂಪಾದರೆ ಅಲ್ಲೂ ಜಾಗ ಸಿಗುತ್ತದೆ.

ತೋಟದಲ್ಲಿ ಬರೀ ತೇವವಿದ್ದರೆ ಹುಳು ಹುಟ್ಟುವುದಿಲ್ಲ, ಯಾರಾದರೂ ಮೊಟ್ಟೆ ತಂದು ಹಾಕಬೇಕು. ಚೆಂಬು ಹಿಡಿದು ತೋಟದ ಮರೆಗೆ ಹೋಗುವ ಹಳೆಯ ರೂಢಿ ಆ ಕೆಲಸ ಮಾಡುತ್ತದೆ. ಅಜ್ಜಂದಿರೇ, ಬೇಸರಪಡಬೇಡಿ. ಕೊಕ್ಕೆಹುಳು ಮಕ್ಕಳಿಗೆ ಮಾತ್ರವಲ್ಲ, ಮಣ್ಣಿನಲ್ಲಿ ದುಡಿಯುವ ದೊಡ್ಡವರಲ್ಲೂ ಇರುತ್ತದೆ. ದೊಡ್ಡವರಿಗೆ ಅದು ಗೊತ್ತೇ ಆಗದಿರಬಹುದು. ಆದರೆ ಅಜ್ಜನ ಹೊಟ್ಟೆಯ ಹುಳುವಿನ ಮೊಟ್ಟೆ ತೋಟಕ್ಕೆ ಬಿದ್ದು, ವಾರದ ಮೇಲೆ ಮೊಮ್ಮಗಳ ಬರಿಗಾಲನ್ನು ಹುಡುಕುತ್ತದೆ. ಮನೆಯಲ್ಲಿ ಶೌಚಾಲಯ ಕಟ್ಟಿಸಿಯೂ ಅದರಲ್ಲಿ ಸೌದೆ, ಕುರುಳು ತುಂಬಿಟ್ಟರೆ ಹುಳುವಿಗೇ ಲಾಭ.

ರಕ್ತದ ಲೆಕ್ಕ

ಕೊಕ್ಕೆಹುಳು ಸಣ್ಣ ಕರುಳಿನ ಮೇಲ್ಭಾಗಕ್ಕೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹೀರುವಾಗ ರಕ್ತ ಹೆಪ್ಪುಗಟ್ಟದಂತೆ ಒಂದು ರಸ ಬಿಡುವುದರಿಂದ, ಅದು ಜಾಗ ಬಿಟ್ಟು ಬೇರೆಡೆ ಕಚ್ಚಿದ ಮೇಲೂ ಹಳೆಯ ಗಾಯ ಜಿನುಗುತ್ತಲೇ ಇರುತ್ತದೆ.

ಈಗ ಒಂದು ಗಣಿತ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ಜಾತಿಯ ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ನಷ್ಟ. ಇದು ಒಂದು ಹನಿಗಿಂತಲೂ ಕಡಿಮೆ. ಆದರೆ 100 ಹುಳುಗಳಿದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90 ಮಿಲಿಲೀಟರ್. 20 ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು ಒಂದೂವರೆ ಲೀಟರ್!

ರಕ್ತ ಹೋದರೆ ಅದರೊಳಗಿನ ಕಬ್ಬಿಣವೂ ಹೋಯಿತು. 1 ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. 3 ಮಿಲಿಲೀಟರ್ ಅಂದರೆ ಒಂದೂವರೆ ಮಿಲಿಗ್ರಾಂ. ಅದರಲ್ಲಿ ಸ್ವಲ್ಪವನ್ನು ಕರುಳು ಮತ್ತೆ ಹೀರಿಕೊಂಡರೂ ದಿನಕ್ಕೆ ಸುಮಾರು 1 ಮಿಲಿಗ್ರಾಂ ಖರ್ಚು. ಇನ್ನು ಆದಾಯ ನೋಡಿ. ರಾಗಿ, ಕಾಳು, ಸೊಪ್ಪಿನ ಊಟದಲ್ಲಿ 10 ಮಿಲಿಗ್ರಾಂ ಕಬ್ಬಿಣ ತಿಂದರೂ ಮೈಗೆ ಹತ್ತುವುದು ಹೆಚ್ಚೆಂದರೆ 1 ಮಿಲಿಗ್ರಾಂ. ಬಂದದ್ದೆಲ್ಲ ಹುಳುವಿನ ಪಾಲು. ಆಟಕ್ಕೆ, ಪಾಠಕ್ಕೆ, ಬೆಳವಣಿಗೆಗೆ ಉಳಿದದ್ದು ಸೊನ್ನೆ. ಆಗ ರಕ್ತಹೀನತೆ ಬರುತ್ತದೆ. ಕಣ್ಣಿನ ಕೆಳರೆಪ್ಪೆ, ನಾಲಿಗೆ, ಉಗುರು ಬಿಳಿಚುತ್ತವೆ. ಕೆಲವು ಮಕ್ಕಳಿಗೆ ಮಣ್ಣು, ಬಳಪ ತಿನ್ನುವ ಚಪಲ ಹತ್ತುತ್ತದೆ. ಮಣ್ಣು ತಿಂದರೆ ಮತ್ತಷ್ಟು ಮೊಟ್ಟೆ ಒಳಗೆ. ಹೀಗೆ ಗಾಣ ಸುತ್ತುತ್ತಲೇ ಇರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಇದೆಲ್ಲ ಹುಳುವಿನದೇ ತಪ್ಪಲ್ಲ. ಊಟದಲ್ಲೇ ಕಬ್ಬಿಣ ಕಡಿಮೆ ಇರುವುದು ದೊಡ್ಡ ಕಾರಣ. ಬೆಟ್ಟದ ಸೀಮೆಯ ಸೋಲಿಗ ಸಮುದಾಯದಲ್ಲಿ ತಂದೆತಾಯಿಯಿಂದ ಮಕ್ಕಳಿಗೆ ಬರುವ ಸಿಕಲ್ ಸೆಲ್ ಎಂಬ ಕುಡುಗೋಲು ಕಣದ ರಕ್ತಹೀನತೆಯೂ ಇದೆ. ಆದ್ದರಿಂದ ಮಗು ಬಿಳಿಚಿಕೊಂಡರೆ “ಹುಳ ಇರಬೇಕು” ಎಂದು ಮನೆಯಲ್ಲೇ ತೀರ್ಮಾನಿಸದೆ ರಕ್ತ ಪರೀಕ್ಷೆ ಮಾಡಿಸುವುದು ಲೇಸು.

ಹಳೆಯ ಹೋರಾಟ

ಜಂತುಹುಳುವಿನ ಜೊತೆ ನಮ್ಮ ಜಗಳ ನೂರು ವರ್ಷಕ್ಕೂ ಹಳೆಯದು. 1920ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮದ್ರಾಸ್ ಪ್ರಾಂತ್ಯದಲ್ಲಿ ಕೊಕ್ಕೆಹುಳು ವಿರುದ್ಧ ಕೆಲಸ ಶುರುವಾಯಿತು. ಆಗ ಕೊಳ್ಳೇಗಾಲ ಆ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಕೊಳ್ಳೇಗಾಲ ಕನ್ನಡನಾಡಿಗೆ ಬಂತು. ಅಂದಿನ ಔಷಧಿಗಳು ಕಟುವಾಗಿದ್ದವು, ಬೇಧಿ ಮಾಡಿಸಬೇಕಿತ್ತು. ಔಷಧಿ ಕೊಟ್ಟವರಿಗೂ ಒಂದು ಪಾಠ ಬೇಗ ತಿಳಿಯಿತು: ಹುಳು ಕೊಂದರೆ ಸಾಲದು, ಶೌಚಾಲಯವಿಲ್ಲದ ಊರಿಗೆ ಅದು ಮತ್ತೆ ಬರುತ್ತದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. ಸೋಲಿಗರಿಗೆ ಬರೀ ಮದ್ದು ಕೊಟ್ಟು ಸುಮ್ಮನಾಗದೆ ಮಕ್ಕಳಿಗೆ ಶಾಲೆಯನ್ನೂ ತೆರೆದರು. 1994ರಲ್ಲಿ ಈ ಕೆಲಸಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅವರೇ ಕಟ್ಟಿದ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆ ಹೊತ್ತಿತು. ಆಸ್ಪತ್ರೆ, ಶಾಲೆ, ಊಟ, ಶುಚಿ ಇವು ನಾಲ್ಕೂ ಒಂದೇ ಗಾಡಿಯ ಚಕ್ರಗಳು ಎಂಬುದನ್ನು ಈ ಸೀಮೆ ಹೀಗೆ ಕಣ್ಣಾರೆ ಕಂಡಿದೆ.

ಒಂದು ಮಾತ್ರೆಯ ಮಹಿಮೆ

2015ರಿಂದ ಭಾರತದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆ ಉಚಿತವಾಗಿ ಕೊಡುತ್ತಾರೆ. 2 ವರ್ಷ ಮೇಲ್ಪಟ್ಟವರಿಗೆ 400 ಮಿಲಿಗ್ರಾಮಿನ ಒಂದು ಇಡೀ ಮಾತ್ರೆ, 1ರಿಂದ 2 ವರ್ಷದ ಕೂಸಿಗೆ ಅರ್ಧ. ಪುಟ್ಟ ಮಕ್ಕಳಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬೇಕು, ದೊಡ್ಡ ಮಕ್ಕಳು ಚೆನ್ನಾಗಿ ಅಗಿದು ತಿನ್ನಬೇಕು.

ಈ ಮಾತ್ರೆ ಕೆಲಸ ಮಾಡುವ ರೀತಿಯೇ ಚೆಂದ. ಅದು ಹುಳುವಿನ ಜೀವಕೋಶಗಳ ಒಳಗಿನ ಕಂಬಗಳನ್ನು ಕೆಡವುತ್ತದೆ. ಆಗ ಹುಳು ಸಕ್ಕರೆಯನ್ನು ಹೀರಿಕೊಳ್ಳಲಾರದೆ ಶಕ್ತಿಯಿಲ್ಲದೆ ಸಾಯುತ್ತದೆ. ನಮ್ಮ ಊಟ ಮೈಗೆ ಹತ್ತದಂತೆ ಮಾಡಿದ ಕಳ್ಳನಿಗೆ ತನ್ನ ಊಟವೂ ಮೈಗೆ ಹತ್ತುವುದಿಲ್ಲ!

ಹೆಚ್ಚು ಹುಳುಗಳಿರುವ ಮಕ್ಕಳಿಗೆ ಮಾತ್ರೆ ತಿಂದ ದಿನ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು. ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಜ್ವರ, ಕಾಯಿಲೆ ಇದ್ದ ಮಗುವಿಗೆ ಆ ದಿನ ಮಾತ್ರೆ ಬೇಡ, ಗುಣವಾದ ಮೇಲೆ ಕೊಡಿಸಬಹುದು. ಅಂದು ಶಾಲೆ ತಪ್ಪಿಸಿಕೊಂಡವರಿಗೆ ಇನ್ನೊಂದು ದಿನವೂ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. 19 ದಾಟಿದವರು, ಅಜ್ಜ ಅಜ್ಜಿಯರು ಆರೋಗ್ಯ ಕೇಂದ್ರದಲ್ಲಿ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ದುಂಡುಹುಳುವಿಗೆ ಒಂದು ಮಾತ್ರೆ ರಾಮಬಾಣ. ಕೊಕ್ಕೆಹುಳು ಬಹುಪಾಲು ಸಾಯುತ್ತದೆ. ಚಾಟಿಹುಳು ಮಾತ್ರ ಒಂದೇ ಏಟಿಗೆ ಬಗ್ಗುವುದಿಲ್ಲ. ಮಾತ್ರೆ ಕಳ್ಳನನ್ನು ಓಡಿಸುತ್ತದೆ, ಆದರೆ ಕಳೆದುಹೋದ ಗಂಟನ್ನು ತಂದುಕೊಡುವುದಿಲ್ಲ. ಕಬ್ಬಿಣ, ಪ್ರೋಟೀನು ಊಟದಿಂದಲೇ ಬರಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಅಥವಾ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯೂ ಅದಕ್ಕೇ. ಸಂತೋಷದ ಸಂಗತಿಯೆಂದರೆ ಕರುಳಿನ ಒಳಮೈಯ ಕೋಶಗಳು 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತವೆ. ಕಾಟ ತಪ್ಪಿದರೆ ಟವೆಲು ಮತ್ತೆ ನೂಲು ತುಂಬಿಕೊಳ್ಳುತ್ತದೆ.

ಅಜ್ಜಿ ಹೇಳಿದ್ದು ನಿಜವೇ?

*ಬೆಲ್ಲ, ಸಿಹಿ ತಿಂದರೆ ಹುಳ ಆಗುತ್ತದೆ.* ಇಲ್ಲ. ಹುಳು ಹುಟ್ಟುವುದು ಮೊಟ್ಟೆಯಿಂದ, ಬೆಲ್ಲದಿಂದಲ್ಲ. ಆದರೆ ತೊಳೆಯದ ಕೈಯಲ್ಲಿ ಬೆಲ್ಲ ತಿಂದರೆ ಕೈಯ ಮೊಟ್ಟೆ ಬಾಯಿಗೆ ಹೋಗುತ್ತದೆ.

*ರಾತ್ರಿ ಹಲ್ಲು ಕಡಿದರೆ ಹುಳ ಇದೆ.* ಹಲ್ಲು ಕಡಿಯಲು ಬೇರೆ ಕಾರಣಗಳೂ ಇವೆ, ಅದೊಂದರಿಂದಲೇ ಹೇಳಲಾಗದು.

*ಹರಳೆಣ್ಣೆ ಕುಡಿಸಿದರೆ ಹೋಗುತ್ತದೆ.* ಭೇದಿಯಾಗುತ್ತದೆ, ಆದರೆ ಕಚ್ಚಿಕೊಂಡ ಕೊಕ್ಕೆಹುಳು ಅಲ್ಲೇ ಇರುತ್ತದೆ. ಸೊರಗಿದ ಮಗುವಿನ ಮೈಯ ನೀರೂ ಹೋಗಿ ಅಪಾಯವಾದೀತು.

*ಮಲದಲ್ಲಿ ಹುಳ ಕಾಣದಿದ್ದರೆ ಹುಳ ಇಲ್ಲ.* ಕೊಕ್ಕೆಹುಳು ಹಾಗೆ ಕಾಣಿಸಿಕೊಳ್ಳುವುದೇ ಅಪರೂಪ. ಸೂಕ್ಷ್ಮದರ್ಶಕದಲ್ಲಿ ಮಲ ಪರೀಕ್ಷಿಸಿ ಮೊಟ್ಟೆ ಹುಡುಕಬೇಕು.

*ಊಟಕ್ಕೆ ನಿಂಬೆಹಣ್ಣು, ನೆಲ್ಲಿಕಾಯಿ ಒಳ್ಳೆಯದು.* ನೂರಕ್ಕೆ ನೂರು ನಿಜ! ಅವುಗಳಲ್ಲಿರುವ ಸಿ ವಿಟಮಿನ್ ರಾಗಿ, ಸೊಪ್ಪಿನ ಕಬ್ಬಿಣವನ್ನು ಕರುಳು ಹೀರಲು ನೆರವಾಗುತ್ತದೆ. ನಮ್ಮ ಬೆಟ್ಟದ ಕಾಡುಗಳಲ್ಲೇ ನೆಲ್ಲಿಕಾಯಿ ಬಿಡುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಮಾತ್ರ ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಲಿ.

ಈ ವಾರ ಅಜ್ಜಿ–ಮೊಮ್ಮಕ್ಕಳ ಕೆಲಸ

ಒಂದು: ಅಂಗೈಗೆ ಸ್ವಲ್ಪ ಎಣ್ಣೆ, ಅರಿಶಿನ ಹಚ್ಚಿಕೊಂಡು ಬರೀ ನೀರಿನಲ್ಲಿ ತೊಳೆಯಿರಿ. ಆಮೇಲೆ ಸೋಪಿನಲ್ಲಿ ತೊಳೆಯಿರಿ. ಹಳದಿ ಎಲ್ಲೆಲ್ಲಿ ಉಳಿಯಿತು ನೋಡಿ. ಉಗುರಿನ ಸಂದಿ, ಬೆರಳಿನ ನಡುವೆ ಅಲ್ಲವೇ? ಹುಳುವಿನ ಮೊಟ್ಟೆಗೂ ಅದೇ ಜಾಗ ಇಷ್ಟ.

ಎರಡು: ಉಗುರು ಕತ್ತರಿಸಿ. ಮೊಮ್ಮಕ್ಕಳು ಅಜ್ಜಿಯ ಉಗುರು, ಅಜ್ಜಿ ಮೊಮ್ಮಕ್ಕಳ ಉಗುರು.

ಮೂರು: ಸೊಪ್ಪು, ಕ್ಯಾರೆಟ್, ಮೂಲಂಗಿಯನ್ನು ಮಣ್ಣು ಪೂರ್ತಿ ಹೋಗುವವರೆಗೆ ಮೂರು ನೀರಿನಲ್ಲಿ ತೊಳೆಯಿರಿ.

ನಾಲ್ಕು: ತೋಟಕ್ಕೆ ಹೊರಡುವ ಬಾಗಿಲಲ್ಲೇ ಅಜ್ಜನಿಗೂ ಮಕ್ಕಳಿಗೂ ಚಪ್ಪಲಿ ಜೋಡಿಸಿಡಿ.

ಐದು: ಶೌಚಾಲಯದಲ್ಲಿ ಸೌದೆ ಇದ್ದರೆ ಅದಕ್ಕೆ ಬೇರೆ ಮನೆ ಹುಡುಕಿ.

ಆರು: ಮುಂದಿನ ಮಾತ್ರೆ ದಿನ ಯಾವತ್ತು ಎಂದು ಟೀಚರನ್ನು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಸುತ್ತು ಹಾಕಿ. ಅಂದು ಯಾವ ನೆಂಟರ ಮನೆಗೂ ಹೋಗಬೇಡಿ. ಹೊಟ್ಟೆಯೊಳಗಿನ ನೆಂಟರನ್ನು ಬೀಳ್ಕೊಡುವ ದಿನ ಅದು!